ವಾಟ್ಸಾಪಿನಲ್ಲಿ ಬಂದ ಇಂಗ್ಲಿಷ್ ಪದಮೂಲಗಳು: ಯಾವುದು ಸರಿ, ಯಾವುದು ಕಟ್ಟುಕತೆ?

ಓದುಕೋಣೆ:
ಜೂನ್ 19ರ ವಾಚನಾ ದಿನಕ್ಕೆ ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರ ಮಕ್ಕಳು ಗೋಡೆ ಪತ್ರಿಕೆ ತಯಾರು ಮಾಡ್ತಿದ್ದಾರೆ. ವಿಷಯ: ದಿನಾ ಬಳಸುವ ಇಂಗ್ಲಿಷ್ ಪದಗಳು ಎಲ್ಲಿಂದ ಬಂದವು. ಮಕ್ಕಳು ತಂದ ಪಟ್ಟಿಯಲ್ಲಿ ಅರ್ಧಕ್ಕರ್ಧ ವಾಟ್ಸಾಪ್ ಫಾರ್ವರ್ಡ್. ಚಾರ್ಟಿಗೆ ಏರುವ ಮೊದಲು ಗೊತ್ತಿದ್ದವರು ದಯವಿಟ್ಟು ನೋಡಿ ಹೇಳಿ.
1. ನ್ಯೂಸ್: ನಾರ್ತ್, ಈಸ್ಟ್, ವೆಸ್ಟ್, ಸೌತ್ ಇವುಗಳ ಮೊದಲಕ್ಷರ
2. ಗಾಲ್ಫ್: "ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷೇಧ" ಎಂಬುದರ ಮೊದಲಕ್ಷರ
3. ಟಿಪ್: "ಬೇಗ ಕೆಲಸ ಆಗಲಿ" ಎಂಬ ಇಂಗ್ಲಿಷ್ ವಾಕ್ಯದ ಮೊದಲಕ್ಷರ
4. ಪಾಶ್: ಹಡಗಿನ ಟಿಕೇಟಿನಿಂದ
5. ಸ್ಯಾಲರಿ: ರೋಮಿನ ಸೈನಿಕರಿಗೆ ಉಪ್ಪಿನಲ್ಲಿ ಸಂಬಳ ಕೊಡ್ತಿದ್ದರು
6. ಕ್ಯಾಶ್: ನಮ್ಮ ಕಾಸು
7. ಒನ್: ನಮ್ಮ ಒಂದು
8. ರೈಸ್: ತಮಿಳಿನ ಅರಿಸಿ
9. ಅರೆಕಾ: ನಮ್ಮ ಅಡಿಕೆ
10. ಜಿಂಜರ್: ಇಂಜಿ

ಪಯಸ್ವಿನಿ:
ಮೊದಲ ನಾಲ್ಕನ್ನು ಈಗಲೇ ತೆಗೆದುಬಿಡಿ. ಮೊದಲಕ್ಷರ ಜೋಡಿಸಿ ಪದ ಮಾಡುವ ಅಭ್ಯಾಸ ಇಂಗ್ಲಿಷಿನಲ್ಲಿ ಬಲವಾದದ್ದು 20ನೇ ಶತಮಾನದಲ್ಲಿ, ಅದೂ ಎರಡು ಮಹಾಯುದ್ಧಗಳ ಹೊತ್ತಿಗೆ. ರೇಡಾರ್ (1940), ಲೇಸರ್ (1960ರ ಆಸುಪಾಸು) ನಿಜವಾಗಿಯೂ ಹಾಗೆ ಹುಟ್ಟಿದ ಪದಗಳು. ನೂರಾರು ವರ್ಷ ಹಳೆಯ ಪದಕ್ಕೆ ಯಾರಾದರೂ ಮೊದಲಕ್ಷರದ ಕತೆ ಹೇಳಿದರೆ ಅಲ್ಲೇ ಸಂಶಯ ಬರಬೇಕು.

ನ್ಯೂಸ್ ಎಂದರೆ "ನ್ಯೂ" ಎಂಬುದರ ಬಹುವಚನ, ಹೊಸತುಗಳು. ಫ್ರೆಂಚಿನಲ್ಲಿಯೂ ಸುದ್ದಿಗೆ ಹೊಸತುಗಳು ಎಂದೇ ಹೇಳುವುದು. ಅದನ್ನು ನೋಡಿ 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿನವರೂ ಹಾಗೆ ಬರೆಯತೊಡಗಿದರು. ಆ ಕಾಲದ ಕಾಗುಣಿತ "ನ್ಯೂಯೆಸ್" ಎಂಬಂತೆ ಉಂಟು, ನಾಲ್ಕು ದಿಕ್ಕಿನ ಅಕ್ಷರ ಅದಕ್ಕೆ ಕೂಡುವುದೇ ಇಲ್ಲ.

ಪೆರ್ಲದಿಂದ:
ಗಾಲ್ಫಿಗೆ ಇನ್ನೂ ಗಟ್ಟಿ ಸಾಕ್ಷಿ ಉಂಟು. 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಬಿಲ್ವಿದ್ಯೆಗೆ ಅಡ್ಡಿಯಾಗ್ತದೆ ಅಂತ ಫುಟ್‌ಬಾಲ್ ಮತ್ತು ಗಾಲ್ಫ್ ಎರಡನ್ನೂ ನಿಷೇಧಿಸಿತ್ತು. ಆ ಕಾಯಿದೆಯಲ್ಲಿಯೇ ಪದ ಇದೆ. ಕೋಲು ಎಂಬ ಅರ್ಥದ ಡಚ್ ಪದ "ಕೊಲ್ಫ್" ಇದರ ಹತ್ತಿರದ್ದು.

ಟಿಪ್ 17ನೇ ಶತಮಾನದ ಕಳ್ಳರ ಗುಟ್ಟುಭಾಷೆಯ ಪದ. "ಕೊಡು, ದಾಟಿಸು" ಎಂದಷ್ಟೇ ಅರ್ಥ. ಭಕ್ಷೀಸು ಎಂಬ ಅರ್ಥ ಬಂದದ್ದು ಆಮೇಲೆ.

ಉಪ್ಪಳ ಗೇಟ್:
ಪಾಶ್ ಮಾತ್ರ ನಿಜ ಅಲ್ವಾ? ಇಂಗ್ಲೆಂಡಿನಿಂದ ಭಾರತಕ್ಕೆ ಬರುವಾಗ ಹಡಗಿನ ಎಡಬದಿ, ಹಿಂದೆ ಹೋಗುವಾಗ ಬಲಬದಿ. ನೆರಳಿನ ಬದಿಯ ಕೋಣೆ ಶ್ರೀಮಂತರಿಗೆ, ಟಿಕೇಟಿನ ಮೇಲೆ "ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್" ಎಂಬುದರ ನಾಲ್ಕು ಮೊದಲಕ್ಷರಗಳ ಮುದ್ರೆ. ಇದು ಎಷ್ಟೋ ಪುಸ್ತಕಗಳಲ್ಲಿ ಉಂಟು.

ಪಯಸ್ವಿನಿ:
@ಉಪ್ಪಳ ಗೇಟ್, ಪುಸ್ತಕಗಳಲ್ಲಿ ಉಂಟು, ಟಿಕೇಟುಗಳಲ್ಲಿ ಇಲ್ಲ. ಆ ಮುದ್ರೆ ಇರುವ ಒಂದೇ ಒಂದು ಟಿಕೇಟೂ ಸಿಕ್ಕಿಲ್ಲ, ಹಡಗು ಕಂಪೆನಿಯ ದಾಖಲೆಯಲ್ಲಿಯೂ ಇಲ್ಲ. ಪದ ಬಳಕೆಗೆ ಬಂದದ್ದು 20ನೇ ಶತಮಾನದ ಆರಂಭದಲ್ಲಿ, ಟಿಕೇಟಿನ ಕತೆ ಹುಟ್ಟಿದ್ದು ಅದಕ್ಕಿಂತಲೂ ತಡವಾಗಿ. ಒಳ್ಳೆಯ ನಿಘಂಟುಗಳು ಇದರ ಮುಂದೆ "ಮೂಲ ಅಜ್ಞಾತ" ಎಂದೇ ಬರೆಯುತ್ತವೆ. ಮಕ್ಕಳ ಚಾರ್ಟಿನಲ್ಲಿಯೂ ಹಾಗೆ ಬರೆಯಬಹುದು, ತಪ್ಪೇನಿಲ್ಲ.

ಚೆರ್ಕಳ ಜಂಕ್ಷನ್:
ಹಾಗಾದರೆ ಓಕೆ?

ಪೆರ್ಲದಿಂದ:
ಅದು ನಿಜವಾಗಿಯೂ ಮೊದಲಕ್ಷರದ್ದೇ. ಬೋಸ್ಟನ್ನಿನ ಒಂದು ಪತ್ರಿಕೆಯಲ್ಲಿ 1839ರ ಮಾರ್ಚ್ 23ರಂದು ಮೊದಲು ಅಚ್ಚಾಯಿತು. "ಆಲ್ ಕರೆಕ್ಟ್" ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು ಅದರ ಮೊದಲಕ್ಷರ ಹಿಡಿದದ್ದು. ಆ ಕಾಲದಲ್ಲಿ ಅಲ್ಲಿನ ಪತ್ರಿಕೆಗಳಲ್ಲಿ ಇಂಥ ಹಾಸ್ಯದ ಸಂಕ್ಷೇಪಗಳ ಗೀಳು ಇತ್ತು. ಮಿಕ್ಕವೆಲ್ಲ ಸತ್ತುಹೋದವು. ಇದು ಉಳಿದದ್ದು 1840ರ ಅಧ್ಯಕ್ಷ ಚುನಾವಣೆಯಿಂದಾಗಿ: ಅಭ್ಯರ್ಥಿ ಮಾರ್ಟಿನ್ ವಾನ್ ಬ್ಯೂರೆನ್ ಅವರಿಗೆ ಊರಿನ ಹೆಸರು ಸೇರಿಸಿ "ಓಲ್ಡ್ ಕಿಂಡರ್‌ಹುಕ್" ಎಂಬ ಅಡ್ಡಹೆಸರಿತ್ತು, ಅದರ ಮೊದಲಕ್ಷರವೂ ಇವೇ ಎರಡು.

ಕುಂಬಳೆ ಕಡಲು:
ಸ್ಯಾಲರಿ ವಿಷಯದಲ್ಲಿ ಅರ್ಧ ನಿಜ ಉಂಟು. ಲ್ಯಾಟಿನಿನ "ಸಾಲೇರಿಯಮ್" ಉಪ್ಪು ಎಂಬ ಪದದಿಂದಲೇ ಬಂದದ್ದು. ಆದರೆ ಸೈನಿಕರಿಗೆ ಉಪ್ಪು ಅಳೆದು ಕೊಟ್ಟರು ಅಂತ ಹೇಳುವ ಯಾವುದೇ ರೋಮನ್ ದಾಖಲೆ ಇಲ್ಲ. ಸಂಬಳಕ್ಕೂ ಉಪ್ಪಿಗೂ ಏನು ನಂಟು ಎಂಬುದನ್ನು ಆಮೇಲಿನವರು ಊಹಿಸಿ ತುಂಬಿಸಿದ್ದು. ಚಾರ್ಟಿನಲ್ಲಿ "ಉಪ್ಪು ಎಂಬ ಪದದಿಂದ" ಅಂತ ಮಾತ್ರ ಬರೆಯಿರಿ.

ಗಡಿನಾಡಿಗ:
ಕ್ಯಾಶ್ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ಕಾಸು ಎಂಬುದರಲ್ಲಿ ಎಂತ ಸಂಶಯ? ತಮಿಳು, ಮಲಯಾಳ, ಕನ್ನಡ, ತುಳು ಎಲ್ಲ ಕಡೆ ಕಾಸು ಉಂಟು. ಇಂಗ್ಲಿಷಿನವರು ಇಲ್ಲಿ ಬಂದು ವ್ಯಾಪಾರ ಮಾಡಿದವರು. ನಮ್ಮದನ್ನು ನಮ್ಮದು ಅಂತ ಹೇಳುವುದಕ್ಕೂ ಹೆದರಬೇಕಾ?

ಪಯಸ್ವಿನಿ:
ಹೆದರಿಕೆ ಎಂತದ್ದೂ ಬೇಡ, ಆದರೆ ಇಲ್ಲಿ ಎರಡು ಬೇರೆ ಬೇರೆ ಪದ ಉಂಟು, ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ ಆಗಿದೆ.

ಒಂದು, ರೊಕ್ಕ ಎಂಬ ಅರ್ಥದ ಕ್ಯಾಶ್. ಇಟಾಲಿಯನ್ "ಕಾಸ್ಸ", ಅಂದರೆ ಪೆಟ್ಟಿಗೆ, ಹಣದ ಪೆಟ್ಟಿಗೆ. ಅಲ್ಲಿಂದ ಫ್ರೆಂಚ್, ಫ್ರೆಂಚಿನಿಂದ ಇಂಗ್ಲಿಷ್. 16ನೇ ಶತಮಾನದ ಕೊನೆಗೇ ಇಂಗ್ಲಿಷಿನಲ್ಲಿ ಇತ್ತು. ಈಸ್ಟ್ ಇಂಡಿಯಾ ಕಂಪೆನಿ ಹುಟ್ಟಿದ್ದೇ 1600ರ ಕೊನೆಯ ದಿನ. ಕ್ಯಾಷಿಯರ್ ಎಂಬ ಪದವೂ ಈ ಪೆಟ್ಟಿಗೆಯ ಮನೆಯದ್ದೇ.

ಎರಡು, ದಕ್ಷಿಣ ಭಾರತದ ಸಣ್ಣ ತಾಮ್ರದ ನಾಣ್ಯದ ಹೆಸರು. ಇದು ನಮ್ಮ ಕಾಸು, ಪೋರ್ಚುಗೀಸರ "ಕಾಯ್ಶ" ಮೂಲಕ ಹೋದದ್ದು. ಮದರಾಸಿನ ಕಂಪೆನಿ ಲೆಕ್ಕದಲ್ಲಿ 80 ಕಾಸಿಗೆ ಒಂದು ಫನಮ್, 42 ಫನಮಿಗೆ ಒಂದು ವರಹ. 1818ರಲ್ಲಿ ರೂಪಾಯಿ ಬರುವ ತನಕ ಕಚೇರಿ ಲೆಕ್ಕ ಹೀಗೇ ನಡೀತಿತ್ತು. ಆಗ ದಕ್ಷಿಣ ಕನ್ನಡವೂ ಕಾಸರಗೋಡೂ ಮದರಾಸಿಗೆ ಸೇರಿದ್ದವು.

ಚಾರ್ಟಿನಲ್ಲಿ ಎರಡನ್ನೂ ಪಕ್ಕಪಕ್ಕ ಹಾಕಿದರೆ ಮಕ್ಕಳಿಗೆ ತುಂಬಾ ಕಲಿಯಲಿಕ್ಕೆ ಸಿಗ್ತದೆ.

ಗಡಿನಾಡಿಗ:
ಫನಮ್ ಅಂದರೆ?

ಪಯಸ್ವಿನಿ:
ಮಲಯಾಳ ತಮಿಳಿನ ಪಣಂ, ಕನ್ನಡದ ಹಣ. ಅರಬಿಯಲ್ಲಿ ಪ ಇಲ್ಲ, ಅರಬ್ ವ್ಯಾಪಾರಿಗಳ ಬಾಯಲ್ಲಿ ಫ ಆಯಿತು. ಕನ್ನಡದಲ್ಲಿ ಪ ಹೋಗಿ ಹ ಆಯಿತು.

ಅಡಿಕೆ ಅಂಗಳ:
ಇಲ್ಲೇ ನಿಲ್ಲಿ, ಇದು ದೊಡ್ಡ ವಿಷಯ. ಕಾಸರಗೋಡಿನ ಮಕ್ಕಳಿಗೆ ಧ್ವನಿ ಬದಲಾವಣೆ ಕಲಿಸಲಿಕ್ಕೆ ಪುಸ್ತಕ ಬೇಡ, ಕಿವಿ ಸಾಕು. ಕನ್ನಡದಲ್ಲಿ ಹಾಲು, ಮಲಯಾಳದಲ್ಲಿ ಪಾಲ್, ತುಳುವಿನಲ್ಲಿ ಪೇರ್. ಕನ್ನಡದಲ್ಲಿ ಹುಲಿ, ಮಲಯಾಳದಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ಹೂ ಮತ್ತು ಪೂ. ಹಲ್ಲು ಮತ್ತು ಪಲ್ಲ್. ಹಳಗನ್ನಡದಲ್ಲಿ ನಮಗೂ ಪ ಇತ್ತು, ನಡುಗನ್ನಡಕ್ಕೆ ಬರುವಾಗ ಹ ಆಯಿತು. ಅಕ್ಕಪಕ್ಕದವರು ಪ ಉಳಿಸಿಕೊಂಡರು. ಒಂದೆರಡು ಪದ ಅಲ್ಲ, ಸಾಲುಸಾಲಾಗಿ ಹಾಗೆಯೇ.

ಇಂಗ್ಲಿಷಿನಲ್ಲೂ ಇದೇ ಬಗೆಯ ನಿಯಮ ಉಂಟು. ಸಂಸ್ಕೃತದ ಪ ಇದ್ದಲ್ಲಿ ಇಂಗ್ಲಿಷಿನಲ್ಲಿ ಫ, ದ ಇದ್ದಲ್ಲಿ ಟ: ಪಾದ ಮತ್ತು ಫುಟ್, ಪಿತೃ ಮತ್ತು ಫಾದರ್, ದಂತ ಮತ್ತು ಟೂತ್, ದಶ ಮತ್ತು ಟೆನ್. ಜರ್ಮನ್ ವಿದ್ವಾಂಸ ಯಾಕೋಬ್ ಗ್ರಿಮ್ 1822ರಲ್ಲಿ ಇದನ್ನು ವ್ಯವಸ್ಥಿತವಾಗಿ ವಿವರಿಸಿದರು, ಅವರ ಹೆಸರಿನಲ್ಲಿಯೇ ನಿಯಮ ಉಂಟು. ಹಾಗಂತ ಫುಟ್ ಪಾದದಿಂದ "ಬಂತು" ಅಲ್ಲ. ಎರಡೂ ಒಂದೇ ಹಳೆಯ ಭಾಷೆಯಿಂದ ಕವಲೊಡೆದವು, ದಾಯಾದಿಗಳು. ಸಾಲ ತಂದ ಪದ ಬೇರೆ, ದಾಯಾದಿ ಪದ ಬೇರೆ. ಫಾರ್ವರ್ಡ್ ಬರೆಯುವವರು ಈ ಎರಡನ್ನು ಕಲಸಿಹಾಕುವುದರಿಂದಲೇ ಮುಕ್ಕಾಲು ತಪ್ಪು ಆಗುವುದು.

ಚೆರ್ಕಳ ಜಂಕ್ಷನ್:
ಒನ್ ಮತ್ತು ಒಂದು ದಾಯಾದಿಯಾ ಸಾಲವಾ?

ಅಡಿಕೆ ಅಂಗಳ:
ಎರಡೂ ಅಲ್ಲ, ಬರೀ ಹೋಲಿಕೆ. ಅದೂ ಇತ್ತೀಚಿನ ಹೋಲಿಕೆ. ಹಳೆಯ ಇಂಗ್ಲಿಷಿನಲ್ಲಿ ಅದು "ಆನ್", ಲ್ಯಾಟಿನಿನ "ಊನುಸ್" ಅದರ ದಾಯಾದಿ. ಆನ್ ಕ್ರಮೇಣ "ಓನ್" ಆಯಿತು. ಮುಂದೆ ವ ಕಾರ ಸೇರಿದ್ದು 15ನೇ ಶತಮಾನದ ಹೊತ್ತಿಗೆ. ಹಳೆಯ ಉಚ್ಚಾರ ಎಲ್ಲಿ ಉಳಿದಿದೆ ಅಂದರೆ "ಓನ್ಲಿ" ಮತ್ತು "ಅಲೋನ್" ಪದಗಳಲ್ಲಿ. ಓನ್ಲಿ ಅಂದರೆ ಒಂದೇ ಆದದ್ದು, ಅಲೋನ್ ಅಂದರೆ ಪೂರ್ತಿ ಒಬ್ಬ. ಈಗಿನ ಉಚ್ಚಾರ ಹಿಡಿದು ಒಂದು ಎಂಬುದಕ್ಕೆ ಜೋಡಿಸಿದರೆ ಸಾವಿರ ವರ್ಷದ ಹಿಂದಿನ ರೂಪ ಕೈಕೊಡ್ತದೆ. ಎಂಟು ಮತ್ತು ಏಟ್ ಕೂಡಾ ಹಾಗೇ: ಏಟ್ ಎಂಬುದರ ಹಳೆಯ ರೂಪ "ಎಅಹ್ತ", ಅದು ಅಷ್ಟದ ದಾಯಾದಿ. ನಮ್ಮ ಎಂಟು ದ್ರಾವಿಡದ್ದು.

ಗಡಿನಾಡಿಗ:
ಪ್ರತಿಯೊಂದನ್ನೂ ಅಲ್ಲ ಅಲ್ಲ ಅಂತ ಹೇಳಿದರೆ ಮಕ್ಕಳ ಚಾರ್ಟ್ ಖಾಲಿ ಉಳೀತದೆ ಮಾರಾಯ್ರೆ.

ಕುಂಬಳೆ ಕಡಲು:
ಖಾಲಿ ಎಲ್ಲಿ ಉಳೀತದೆ? ನಿಜವಾಗಿ ಈ ಕರಾವಳಿಯಿಂದ ಹೋದ ಪದಗಳನ್ನು ಬರೆಯಲಿಕ್ಕೆ ಒಂದು ಚಾರ್ಟ್ ಸಾಲದು. ಅಡಿಕೆಯಿಂದಲೇ ಹಿಡಿಯಿರಿ.

ಅರೆಕಾ ಪೋರ್ಚುಗೀಸರು ಒಯ್ದದ್ದು. ಮಲಯಾಳದ ಅಡಯ್ಕ, ಕನ್ನಡದ ಅಡಿಕೆ, ಎರಡೂ ಒಂದೇ ಬೇರಿನವು. ನಿಘಂಟುಗಳು ಸಾಮಾನ್ಯವಾಗಿ ಮಲಯಾಳದ ರೂಪವನ್ನು ಕೊಡುತ್ತವೆ. ಪೋರ್ಚುಗೀಸಿನಲ್ಲಿ ನಮ್ಮ ಡ ಕಾರ ಇಲ್ಲ, ಅವರ ಕಿವಿಗೆ ಅದು ರ ಕೇಳಿಸಿತು. ಇದು ಊಹೆ ಅಲ್ಲ, ಇನ್ನೊಂದು ಪದದಲ್ಲಿಯೂ ಹಾಗೇ ಆಗಿದೆ: ಕನ್ನಡ ಎಂಬುದು ಅವರ ಬಾಯಲ್ಲಿ "ಕನರ" ಆಯಿತು, ಅದೇ ಇಂಗ್ಲಿಷರ ಕೆನರಾ. ಸೌತ್ ಕೆನರಾ ಜಿಲ್ಲೆ ಅಂತ ಹಳೆಯ ಜಾಗದ ಕಾಗದಪತ್ರಗಳಲ್ಲಿ ಇರುವುದು ಇದೇ. ಅಡಿಕೆಯಿಂದ ಅರೆಕಾ, ಕನ್ನಡದಿಂದ ಕೆನರಾ, ಡ ರ ಆದ ಎರಡು ಉದಾಹರಣೆ ಒಟ್ಟಿಗೆ ಸಿಗ್ತದೆ.

ಇದರ ಜೊತೆಗೆ ಇನ್ನೊಂದು ತಪ್ಪನ್ನೂ ತಿದ್ದಿ. "ಬೀಟಲ್ ನಟ್" ಎಂಬ ಹೆಸರೇ ಅಡ್ಡಾದಿಡ್ಡಿ. ಬೀಟಲ್ ಅಂದರೆ ಎಲೆ, ಮಲಯಾಳದ ವೆತ್ತಿಲ, ನಮ್ಮ ವೀಳ್ಯದೆಲೆ, ತುಳುವಿನ ಬಚ್ಚಿರೆ. ಎಲೆಯೊಟ್ಟಿಗೆ ತಿನ್ನುವ ಕಾಯಿ ಅಂತ ಅಡಿಕೆಗೆ ಎಲೆಯ ಹೆಸರು ಅಂಟಿಕೊಂಡಿತು. ಲಿನೇಯಸ್ 1753ರಲ್ಲಿ ಅಡಿಕೆಗೆ "ಅರೆಕಾ ಕಟೇಚು" ಅಂತ ಹೆಸರಿಟ್ಟರು. ಕಟೇಚು ನಮ್ಮ ಕಾಚು. ಅದೂ ಅಡಿಕೆಯದ್ದಲ್ಲ, ಖೈರದ ಮರದ ತಿರುಳನ್ನು ಕುದಿಸಿ ತೆಗೆಯುವುದು. ಒಂದು ವೀಳ್ಯದ ತಟ್ಟೆಯ ಮೂರೂ ಹೆಸರು ಒಂದಕ್ಕೊಂದು ಅದಲುಬದಲಾದದ್ದು ಹೀಗೆ.

ಬೇಕಲ ಗಾಳಿ:
ತೆಂಗನ್ನು ಬಿಟ್ಟದ್ದೇಕೆ? 1916ರಿಂದ ತೆಂಗಿನ ಸಂಶೋಧನೆ ನಡೀತಿರುವ ಊರು ನಮ್ಮದು. ಕೊಬ್ಬರಿ, ಮಲಯಾಳದ ಕೊಪ್ಪರ, ಪೋರ್ಚುಗೀಸರ ಮೂಲಕ ಕೋಪ್ರ. ಮಲಯಾಳದ ಕಯರ್, ಅಂದರೆ ಹಗ್ಗ, ಇಂಗ್ಲಿಷಿನಲ್ಲಿ ಕಾಯರ್. ಹಗ್ಗದ ಹೆಸರು ನಾರಿಗೆ ಬಂತು. ಕೋಕನಟ್ ಮಾತ್ರ ನಮ್ಮದಲ್ಲ. ಕಾಯಿಯ ಮೂರು ಕಣ್ಣು ನೋಡಿ ಪೋರ್ಚುಗೀಸರು "ಕೋಕೊ" ಅಂದರು. ಮಕ್ಕಳನ್ನು ಹೆದರಿಸುವ ಗುಮ್ಮನ ಮುಖಕ್ಕೆ ಅವರಲ್ಲಿ ಆ ಹೆಸರು.

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು "ಕೋಕೋವಾ ನಟ್" ಎಂಬಂತೆ ಒಂದು ಅಕ್ಷರ ಹೆಚ್ಚಿಗೆ ಹಾಕಿ ಬರೆದದ್ದು ಕಾಣ್ತದೆ. 1755ರ ಸ್ಯಾಮುಯೆಲ್ ಜಾನ್ಸನರ ನಿಘಂಟಿನಲ್ಲಿ ತೆಂಗಿನ ಕೋಕೊ ಮತ್ತು ಚಾಕೊಲೇಟಿನ ಕೋಕೋ ಬೀಜ ಎರಡರ ವಿವರಣೆ ಒಂದರೊಳಗೊಂದು ಸೇರಿಹೋಯಿತು, ಆ ಗೊಂದಲ ನೂರಾರು ವರ್ಷ ಉಳಿಯಿತು. ಕೋಕೋ ಅಮೆರಿಕದ ನಹುವಾಟ್ಲ್ ಭಾಷೆಯ ಪದ. ತೆಂಗು, ಅಡಿಕೆ ತೋಟದ ನಡುವೆ ಕೋಕೋ ಬೆಳೆಯುವ ಈ ಊರಿನ ಮಕ್ಕಳಿಗೆ ಎರಡೂ ಗಿಡ ತೋರಿಸಿಯೇ ಹೇಳಬಹುದು.

ಪೆರ್ಲದಿಂದ:
ಹಲಸು: ಮಲಯಾಳದ ಚಕ್ಕ, ಪೋರ್ಚುಗೀಸ್ "ಜಾಕ", ಇಂಗ್ಲಿಷ್ ಜ್ಯಾಕ್. ಜ್ಯಾಕ್ ಎಂಬ ಮನುಷ್ಯನಿಗೂ ಇದಕ್ಕೂ ಸಂಬಂಧ ಇಲ್ಲ.
ಮಾವು: ಮಲಯಾಳದ ಮಾಙ್ಙ, ತಮಿಳಿನ ಮಾಂಗಾಯ್, ಪೋರ್ಚುಗೀಸ್ "ಮಾಂಗ". ಕಾಯ್ ಎಂಬುದು ಅದರೊಳಗೇ ಇರುವುದರಿಂದ ಇಂಗ್ಲಿಷಿನವರು ಹಣ್ಣಿಗೂ ಮಾವಿನಕಾಯಿ ಅಂತಲೇ ಹೇಳ್ತಿದ್ದಾರೆ.
ತೇಗ: ಮಲಯಾಳದ ತೇಕ್, ಪೋರ್ಚುಗೀಸ್ "ತೇಕ", ಟೀಕ್.
ಗಂಜಿ: ತಮಿಳಿನ ಕಂಜಿ, ಪೋರ್ಚುಗೀಸ್ "ಕಂಜಿ", ಕಾಂಜಿ. ಈಗ ಚೀನೀ ಹೋಟೆಲುಗಳ ಇಂಗ್ಲಿಷ್ ಮೆನುವಿನಲ್ಲಿಯೂ ಇದೇ ಹೆಸರು.

ಉಪ್ಪಳ ಗೇಟ್:
ಗೇರುಬೀಜವೂ ಸೇರಿಸಿ. ಕ್ಯಾಶ್ಯು ಅಂದರೆ ಕಾಜು.

ಪೆರ್ಲದಿಂದ:
ಅದು ಈ ಪಟ್ಟಿಗೆ ಬರುವುದಿಲ್ಲ, ದಾರಿ ಉಲ್ಟಾ. ಮರ ಬ್ರೆಜಿಲಿನದ್ದು, ಹೆಸರು ಅಲ್ಲಿನ ತುಪಿ ಭಾಷೆಯ "ಅಕಾಜು". ಪೋರ್ಚುಗೀಸರು 16ನೇ ಶತಮಾನದಲ್ಲಿ ಮರವನ್ನೂ ಹೆಸರನ್ನೂ ಇಲ್ಲಿಗೆ ತಂದರು. ಮಲಯಾಳದಲ್ಲಿ ಪರಂಗಿಮಾವು, ಪರಂಗಿಯಂಡಿ ಎಂದು ಹೇಳುವುದು ಅದಕ್ಕೇ: ಪರಂಗಿಯವರ ಮಾವು, ಪರಂಗಿಯವರ ಬೀಜ.

ಗಡಿನಾಡಿಗ:
ಸರಿ, ಇದು ನನಗೆ ಒಪ್ಪಿಗೆ. ಇಂಥದ್ದು ಇನ್ನಷ್ಟು ಬರಲಿ. ಶುಗರ್ ನಮ್ಮ ಸಕ್ಕರೆಯೇ ಅಲ್ವಾ?

ಪಯಸ್ವಿನಿ:
ಮೂಲ ಸಂಸ್ಕೃತದ ಶರ್ಕರಾ. ಮೊದಲ ಅರ್ಥ ನೊರಜು, ಸಣ್ಣ ಕಲ್ಲು. ಹರಳು ಹರಳಾಗಿ ಇರುವುದರಿಂದ ಸಕ್ಕರೆಗೂ ಆ ಹೆಸರು. ಪರ್ಷಿಯನ್ "ಶಕರ್", ಅರಬಿ "ಸುಕ್ಕರ್", ಲ್ಯಾಟಿನ್, ಫ್ರೆಂಚ್, ಆಮೇಲೆ ಶುಗರ್. ಅದೇ ಪದ ನಮ್ಮ ಕರಾವಳಿಯಿಂದ ಪೋರ್ಚುಗೀಸರ ಬಾಯಿಗೆ ಬಿದ್ದು "ಜಾಗರ" ಆಗಿ, ಇಂಗ್ಲಿಷಿನಲ್ಲಿ ಜ್ಯಾಗರಿ ಆಯಿತು. ಹಾಗಾಗಿ ಶುಗರ್ ಮತ್ತು ಜ್ಯಾಗರಿ ಒಂದೇ ಪದ, ಒಂದು ನೆಲದ ದಾರಿಯಲ್ಲಿ ಹೋದದ್ದು, ಒಂದು ಕಡಲ ದಾರಿಯಲ್ಲಿ. ಗ್ರೀಕಿನ ಮೂಲಕ ಹೋದ ಮೂರನೆಯದು ಸ್ಯಾಕರಿನ್.

ಕಾಸರಗೋಡಿನವರು ಇದನ್ನು ಅಂಗಡಿಯಲ್ಲೇ ನೋಡಬಹುದು. ಕನ್ನಡದಲ್ಲಿ ಸಕ್ಕರೆ ಅಂದರೆ ಬಿಳಿ ಸಕ್ಕರೆ. ಮಲಯಾಳದಲ್ಲಿ ಶರ್ಕರ ಅಂದರೆ ಬೆಲ್ಲ, ಬಿಳಿಯದ್ದಕ್ಕೆ ಪಂಚಸಾರ. ಒಂದೇ ಪದ, ಎರಡು ಡಬ್ಬಿ.

ಚೆರ್ಕಳ ಜಂಕ್ಷನ್:
ಕ್ಯಾಂಡಿ?

ಪಯಸ್ವಿನಿ:
ಖಂಡ, ಅಂದರೆ ತುಂಡು. ಪರ್ಷಿಯನ್ "ಕಂದ್", ಅರಬಿ "ಕಂದಿ", ಫ್ರೆಂಚ್, ಇಂಗ್ಲಿಷ್. ಕಲ್ಲುಸಕ್ಕರೆಗೆ ಮೊದಲು ಬಳಸಿದ್ದು.
ಹಳೆಯ ಅಡಿಕೆ, ಕಾಳುಮೆಣಸಿನ ಲೆಕ್ಕದಲ್ಲಿ ಬರುವ ಕ್ಯಾಂಡಿ ಬೇರೆ. ಅದು ಖಂಡಿ ಎಂಬ ತೂಕ: 20 ಮಣಕ್ಕೆ ಒಂದು ಖಂಡಿ. ಮದರಾಸಿನ ಮಣ 25 ಪೌಂಡ್, ಖಂಡಿ 500 ಪೌಂಡ್. ಕಾಗುಣಿತ ಒಂದೇ ಇದೆ ಅಂತ ಮಿಠಾಯಿಗೆ ಸೇರಿಸಬೇಡಿ.

ಅಡಿಕೆ ಅಂಗಳ:
ಪಟ್ಟಿಯ 8 ಮತ್ತು 10 ಬಾಕಿ ಉಂಟು.

ರೈಸ್: ಅರಿಸಿ, ಅರಿ ಎಂಬ ವಾದ ಬಹಳ ಹಳೆಯದು, ತೂಕದ ವಿದ್ವಾಂಸರೂ ಹೇಳಿದ್ದಾರೆ. ಗ್ರೀಕಿನ "ಓರುಜ" ಎಂಬುದರಿಂದ ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್, ಇಷ್ಟರಲ್ಲಿ ಜಗಳ ಇಲ್ಲ. ಗ್ರೀಕರಿಗೆ ಎಲ್ಲಿಂದ ಎಂಬಲ್ಲಿ ಈಗಿನ ನಿಘಂಟುಗಳು ಪೂರ್ವ ಇರಾನಿನ ಭಾಷೆಗಳ ಕಡೆ ಕೈ ತೋರಿಸುತ್ತವೆ, ಸಂಸ್ಕೃತದ ವ್ರೀಹಿಗೆ ಹತ್ತಿರದ ರೂಪ. ಹಾಗಾಗಿ ಚಾರ್ಟಿನಲ್ಲಿ ಅರಿಸಿಯಿಂದ ಬಾಣ ಎಳೆಯುವುದಾದರೆ ಚುಕ್ಕಿ ಗೆರೆ ಎಳೆಯಿರಿ.

ಜಿಂಜರ್: ಇದು ಗಟ್ಟಿ. ಇಂಜಿ ಮತ್ತು ವೇರ್, ಇಂಜಿಯ ಬೇರು. ಪಾಳಿಯಲ್ಲಿ "ಸಿಂಗಿವೇರ", ಗ್ರೀಕಿನಲ್ಲಿ "ಜಿಂಗಿಬೆರಿಸ್", ಲ್ಯಾಟಿನ್ ದಾಟಿ ಇಂಗ್ಲಿಷ್. ಸಂಸ್ಕೃತದವರು ಅದನ್ನು ಶೃಂಗವೇರ ಮಾಡಿ "ಕೊಂಬಿನ ಆಕಾರದ್ದು" ಅಂತ ಅರ್ಥ ಕೊಟ್ಟರು. ಗೊತ್ತಿಲ್ಲದ ಪದವನ್ನು ಗೊತ್ತಿರುವ ಪದದ ಅಚ್ಚಿಗೆ ಬಡಿಯುವುದು ಆ ಕಾಲದಲ್ಲಿಯೂ ಇತ್ತು. ನಾವು ಕನ್ನಡದಲ್ಲಿ ಹಸಿ ಒಣ ಎರಡಕ್ಕೂ ಶುಂಠಿ ಅಂತೇವೆ, ಮಲಯಾಳದಲ್ಲಿ ಹಸಿಯದ್ದು ಇಂಜಿ, ಒಣಗಿದ್ದು ಚುಕ್ಕು.

ಬೇಕಲ ಗಾಳಿ:
ಹಾಗಾದರೆ ನಮಗೆ ಪೋರ್ಚುಗೀಸರು ಕೊಟ್ಟದ್ದೂ ಹೇಳಿ. ಮೇಜು, ಜನೇಲು, ಚಾವಿ, ಬಾಲ್ದಿ, ಪಾದ್ರಿ, ಬಟಾಟೆ, ಸಾಬೂನು. ಏಲಂ ಕೂಡಾ: ಪೋರ್ಚುಗೀಸ್ "ಲೈಲಾಂವ್", ಮಲಯಾಳದ ಲೇಲಂ, ಉತ್ತರದವರ ಲಿಲಾವು.

ಕುಂಬಳೆ ಕಡಲು:
ಸಾಬೂನು ತೆಗೆಯಿರಿ. ಅರಬಿ, ಪರ್ಷಿಯನ್ನಿನಲ್ಲಿ "ಸಾಬೂನ್" ಅಂತಲೇ ಉಂಟು, ನ ಕಾರ ಸಮೇತ. ಪೋರ್ಚುಗೀಸಿನದ್ದು "ಸಬಾಂವ್". ನಮ್ಮ ರೂಪ ಅರಬಿಗೇ ಹತ್ತಿರ. ಎರಡಕ್ಕೂ ಮೂಲ ಲ್ಯಾಟಿನಿನ "ಸಾಪೊ". ಇಂಗ್ಲಿಷಿನ ಸೋಪ್ ಜರ್ಮನ್ ಕವಲಿನದ್ದು, ಲ್ಯಾಟಿನಿಗೂ ಅಲ್ಲಿಂದಲೇ ಹೋದದ್ದು.

ಬೇಕಲ ಗಾಳಿ:
ಒಪ್ಪಿದೆ. ಕುರ್ಚಿಯೂ ಅರಬಿ, ಅದನ್ನು ನಾನು ಹಾಕಲಿಲ್ಲ ನೋಡಿ.

ಉಪ್ಪಳ ಗೇಟ್:
ಕಚೇರಿಯ ಪ್ಯೂನ್ ಎಲ್ಲಿಯವ?

ಅಡಿಕೆ ಅಂಗಳ:
ಪೋರ್ಚುಗೀಸ್ "ಪಿಯಾಂವ್", ಕಾಲಾಳು. ಲ್ಯಾಟಿನಿನಲ್ಲಿ ಪಾದಕ್ಕೆ "ಪೆದ್", ಅದರಿಂದ. ಅದೇ ಪದ ಫ್ರೆಂಚಿನಿಂದ ಬಂದು ಚದುರಂಗದ ಪಾನ್ ಆಯಿತು, ಇನ್ನೊಂದು ರೂಪದಲ್ಲಿ ಪಯೊನೀರ್. ಚದುರಂಗದಲ್ಲಿ ನಾವು ಪದಾತಿ ಅಂತೇವಲ್ಲ, ಅದೂ ಪಾದದ್ದೇ, ದಾಯಾದಿ ಕಡೆಯಿಂದ.

ಓದುಕೋಣೆ:
ಇಷ್ಟೆಲ್ಲ ಬರೆದದ್ದಕ್ಕೆ ತುಂಬಾ ಉಪಕಾರ. ಒಂದು ಕೇಳ್ತೇನೆ. ಮುಂದೆ ಮಕ್ಕಳೇ ಪರೀಕ್ಷಿಸಿ ನೋಡಬೇಕಾದರೆ ಕ್ರಮ ಯಾವುದು?

ಪಯಸ್ವಿನಿ:
ನಾಲ್ಕು ಪ್ರಶ್ನೆ ಕೇಳಲಿ.

ಮೊದಲನೆಯದು, ಇಂಗ್ಲಿಷಿನಲ್ಲಿ ಈ ಪದ ಮೊದಲು ಬರೆದು ಸಿಕ್ಕಿದ್ದು ಯಾವ ವರ್ಷ? ಕತೆ ಹೇಳುವ ಘಟನೆ ಅದಕ್ಕಿಂತ ಈಚಿನದ್ದಾದರೆ ಕತೆ ಅಲ್ಲಿಗೇ ಬಿತ್ತು. ಎರಡು, ಆ ಕಾಲದ ಕಾಗುಣಿತ ಹೇಗಿತ್ತು? ಈಗಿನ ರೂಪ ಹಿಡಿದು ಹೋಲಿಸಬಾರದು, ಒನ್ ಎಂಬುದರಲ್ಲಿ ಆದದ್ದು ಅದೇ. ಮೂರು, ದಾರಿ ಯಾವುದು, ಯಾರು ಒಯ್ದರು, ಯಾವ ಸರಕಿನೊಟ್ಟಿಗೆ? ಸರಕು ಇಲ್ಲದೆ, ಜನ ಓಡಾಡದೆ ಪದ ಹೋಗುವುದಿಲ್ಲ. ನಾಲ್ಕು, ಅದೇ ಧ್ವನಿ ಬದಲಾವಣೆ ಇನ್ನೊಂದು ಪದದಲ್ಲಿ ಕಾಣ್ತದಾ? ಅರೆಕಾಕ್ಕೆ ಕೆನರಾ ಸಿಕ್ಕಿದ ಹಾಗೆ ಜೊತೆ ಸಿಕ್ಕಿದರೆ ನೆಲ ಗಟ್ಟಿ.

ಮಲಯಾಳಕ್ಕೆ ಗುಂಡರ್ಟರ 1872ರ ನಿಘಂಟು, ಕನ್ನಡಕ್ಕೆ ಕಿಟ್ಟೆಲರ 1894ರದ್ದು, ಎರಡೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದವು. ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳಿಗೆ 1886ರ ಹಾಬ್ಸನ್ ಜಾಬ್ಸನ್. ಅದರ ಇಬ್ಬರು ಕರ್ತೃಗಳಲ್ಲಿ ಬರ್ನೆಲ್ ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದವರು, ತುಳು ಬಲ್ಲವರು. ಪುಸ್ತಕ ಹೊರಬರುವ ನಾಲ್ಕು ವರ್ಷ ಮೊದಲೇ, 1882ರಲ್ಲಿ, ತೀರಿಕೊಂಡರು. ಇವೆಲ್ಲ ಅಂತರ್ಜಾಲದಲ್ಲಿ ಉಚಿತ.

ಒಂದು ಎಚ್ಚರಿಕೆ: ಅದು 1886ರ ಪುಸ್ತಕ, ಅದರ ಎಲ್ಲ ತೀರ್ಮಾನ ಈಗ ನಿಲ್ಲುವುದಿಲ್ಲ. ಪದ ಯಾವ ವರ್ಷದ ಯಾವ ಬರಹದಲ್ಲಿ ಬಂತು ಎಂಬ ಉದ್ಧರಣೆಗಳಿಗೆ ಅದು ಚಿನ್ನ, ಮೂಲದ ತೀರ್ಪಿಗೆ ಹೊಸ ನಿಘಂಟು ನೋಡಿ.

ಪೆರ್ಲದಿಂದ:
ಚಾರ್ಟಿಗೆ ಒಂದು ಸಲಹೆ. ಪದ 12ಕ್ಕಿಂತ ಹೆಚ್ಚು ಬೇಡ, ದೂರದಿಂದ ಓದಲಿಕ್ಕೆ ಆಗುವುದಿಲ್ಲ. ನಡುವಿನ ರೂಪವನ್ನು ಬಿಡಬೇಡಿ: "ಚಕ್ಕ, ಜಾಕ, ಜ್ಯಾಕ್" ಅಂತ ಮೂರೂ ಇರಲಿ. ನಡುವಿನದ್ದು ಬಿಟ್ಟರೆ ಅದೂ ಫಾರ್ವರ್ಡಿನ ಹಾಗೆಯೇ ಕಾಣ್ತದೆ. ಗಟ್ಟಿ ಇದ್ದದ್ದಕ್ಕೆ ಪೂರ್ತಿ ಗೆರೆ, ವಾದ ಇದ್ದದ್ದಕ್ಕೆ ಚುಕ್ಕಿ ಗೆರೆ.

ಚೆರ್ಕಳ ಜಂಕ್ಷನ್:
ಒಂದು ಮೂಲೆಯಲ್ಲಿ ಕ್ರಿಕೆಟಿಗೂ ಜಾಗ ಕೊಡಿ, ಮಕ್ಕಳು ಓದ್ತಾರೆ. ಅಂಪಾಯರ್ ಮೊದಲು "ನೂಂಪೇರ್". ಜೋಡಿ ಅಲ್ಲದವ, ಎರಡು ಕಡೆಗೂ ಸೇರದ ಮೂರನೆಯವ. "ಎ ನೂಂಪೇರ್" ಅಂತ ಹೇಳುವಾಗ ನ ಹಿಂದಿನ ಪದಕ್ಕೆ ಅಂಟಿ "ಆ್ಯನ್ ಊಂಪೇರ್" ಆಯಿತು.

ಅಡಿಕೆ ಅಂಗಳ:
ಸರಿಯಾದ ಮಾತು. ಏಪ್ರನ್ ಕೂಡಾ "ನೇಪ್ರನ್" ಇದ್ದದ್ದು, ನ್ಯಾಪ್ಕಿನ್ ಅದರ ಒಡಹುಟ್ಟು. ನಿಕ್‌ನೇಮ್ ಉಲ್ಟಾ: "ಆ್ಯನ್ ಈಕ್‌ನೇಮ್", ಹೆಚ್ಚುವರಿ ಹೆಸರು, ಅಲ್ಲಿ ನ ಮುಂದಿನ ಪದಕ್ಕೆ ಹಾರಿತು. ಆರೆಂಜಿನಲ್ಲಿ ಮಾತ್ರ ನ ಬಿದ್ದದ್ದು ಇಂಗ್ಲಿಷಿಗೆ ಬರುವ ಮೊದಲೇ. ನಾರಂಗ, ಪರ್ಷಿಯನ್ "ನಾರಂಗ್", ಅರಬಿ "ನಾರಂಜ್", ಸ್ಪ್ಯಾನಿಷಿನಲ್ಲಿ ಈಗಲೂ ನ ಉಂಟು, ಫ್ರೆಂಚಿನಲ್ಲಿ ಇಲ್ಲ.

ಗಡಿನಾಡಿಗ:
ಮಂಗೂಸ್ ನಮ್ಮ ಮುಂಗುಸಿ ಅಲ್ವಾ? ಇದನ್ನಾದರೂ ಕೊಡಿ.

ಕುಂಬಳೆ ಕಡಲು:
ಕೊಟ್ಟೆವು, ಆದರೆ ಮರಾಠಿ, ಕೊಂಕಣಿಯ "ಮುಂಗೂಸ್" ಮೂಲಕ. ನಮ್ಮ ಮುಂಗುಸಿ, ತೆಲುಗಿನ ಮುಂಗಿಸ ಅದರ ನಂಟರು. ಗೂಸ್ ಎಂಬ ಹಕ್ಕಿಗೆ ಸಂಬಂಧ ಇಲ್ಲದ ಕಾರಣ ಬಹುವಚನ "ಮಂಗೂಸಸ್", "ಮಂಗೀಸ್" ಅಲ್ಲ. ಪರೀಕ್ಷೆಯಲ್ಲಿ ಮಕ್ಕಳು ತಪ್ಪುವುದು ಇಲ್ಲೇ.

ಬೇಕಲ ಗಾಳಿ:
ಹೆಗ್ಗಣದ ಬ್ಯಾಂಡಿಕೂಟ್ ತೆಲುಗಿನ ಪಂದಿಕೊಕ್ಕು, ಹಂದಿ ಇಲಿ. ಇಲ್ಲಿಯೂ ಪ ಮತ್ತು ಹ: ಪಂದಿ, ಹಂದಿ.

ಓದುಕೋಣೆ:
ಹನ್ನೆರಡು ಆಯ್ಕೆ ಆಯಿತು: ಅರೆಕಾ, ಕೋಪ್ರ, ಕಾಯರ್, ಜ್ಯಾಕ್, ಮ್ಯಾಂಗೊ, ಟೀಕ್, ಜ್ಯಾಗರಿ, ಜಿಂಜರ್, ಎರಡು ಕ್ಯಾಶ್, ಅಂಪಾಯರ್, ಮಂಗೂಸ್. ರೈಸಿಗೆ ಪ್ರತ್ಯೇಕ ಕಾಗದದಲ್ಲಿ ಚುಕ್ಕಿ ಗೆರೆ. ನ್ಯೂಸ್, ಗಾಲ್ಫ್, ಟಿಪ್, ಪಾಶ್ ನಾಲ್ಕನ್ನು "ಫಾರ್ವರ್ಡ್ ಮಾಡಬೇಡಿ" ಎಂಬ ತಲೆಬರಹದ ಕೆಳಗೆ ಕಾರಣ ಸಮೇತ ಹಾಕ್ತಾರಂತೆ.

ಪಯಸ್ವಿನಿ:
ಕಾಯರಿಗೆ ಮಲಯಾಳ ಲಿಪಿಯಲ್ಲಿಯೂ ಒಮ್ಮೆ ಬರೆಯಿಸಿ. ಕೊನೆಯ ಅಕ್ಷರ ನಮ್ಮ ಹಳಗನ್ನಡದ ಶಕಟರೇಫ, ಅಂದರೆ ಗಡುಸು ರ (ಱ), ಈಗಿನ ಕನ್ನಡ ರ ಹಾಕಿದರೆ ಆ ವ್ಯತ್ಯಾಸ ಕಾಣುವುದಿಲ್ಲ.